ಹೊಸ ಪ್ರೊಸೆಸರ್ ಯಾರಿಗೆ ಬೇಕು? ನಲವತ್ತು ವರ್ಷಗಳ ಲೆಕ್ಕ

(ಅಲ್ ರಯ್ಯಾನ್‌ನ ಸಮ್ಮೇಳನದಲ್ಲಿ ಮಾಡಿದ ದಿಕ್ಸೂಚಿ ಭಾಷಣದ ಬರಹ ರೂಪ)



ನಾನು ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್. ಕಂಪ್ಯೂಟರ್ ಎಂಜಿನಿಯರ್ ಅಲ್ಲ. ಆದರೂ ಊರಿಗೆ ಹೋಗುವ ರಜೆ ಹತ್ತಿರ ಬಂದಾಗ ನಮ್ಮವರು ನನ್ನನ್ನು ಕೇಳುವುದು ತೆರಿಗೆಯ ವಿಷಯಕ್ಕಿಂತ ಹೆಚ್ಚಾಗಿ ಇದನ್ನು: "ಸರ್, ಮಗಳು ಪಿಯುಸಿ ಮುಗಿಸಿದ್ಲು, ಲ್ಯಾಪ್‌ಟಾಪ್ ಬೇಕಂತೆ. ಲೇಟೆಸ್ಟ್ ಜನರೇಶನ್ನೇ ತಗೊಳ್ಬೇಕಾ?" ಕೇಳುವವರಲ್ಲಿ ಡ್ರೈವರ್ ಇದ್ದಾರೆ, ಸ್ಟೋರ್‌ಕೀಪರ್ ಇದ್ದಾರೆ, ಆಸ್ಪತ್ರೆಯ ನರ್ಸ್ ಇದ್ದಾರೆ. ಕೆಲವರಿಗೆ ಆ ಲ್ಯಾಪ್‌ಟಾಪ್ ಎಂದರೆ ಎರಡು ಮೂರು ತಿಂಗಳು ಮನೆಗೆ ಕಳಿಸುವ ಹಣ. ಆದ್ದರಿಂದ ಈ ಪ್ರಶ್ನೆಗೆ ಅಂಗಡಿಯ ಕರಪತ್ರದಿಂದ ಉತ್ತರ ಹುಡುಕದೆ ಚರಿತ್ರೆಯಿಂದ ಹುಡುಕೋಣ ಎಂದುಕೊಂಡೆ. ಕಳೆದ ನಲವತ್ತು ವರ್ಷಗಳಲ್ಲಿ ಸಾಮಾನ್ಯ ಬಳಕೆದಾರ ಯಾವಾಗ, ಯಾವ ಕಾರಣಕ್ಕೆ ಹೊಸ ಯಂತ್ರ ಕೊಳ್ಳಬೇಕಾಯಿತು? ಆ ಲೆಕ್ಕ ಸರಿಯಾಗಿ ಸಿಕ್ಕರೆ ಇಂದಿನ ತೀರ್ಮಾನ ಸುಲಭ.

ಮೊದಲು ಒಂದು ಸಣ್ಣ ವಿವರಣೆ. ಹಳೆಯ ಕಾಲದ ಒಂದು ಕಚೇರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಲೆಕ್ಕ ಬರೆಯುವ ಗುಮಾಸ್ತನೇ ಪ್ರೊಸೆಸರ್. ಅವನ ಮುಂದಿರುವ ಮೇಜು ರ‍್ಯಾಮ್. ಗೋಡೆಯ ಪಕ್ಕದಲ್ಲಿ ಕಡತ ತುಂಬಿಕೊಂಡು ನಿಂತಿರುವ ಬೀರು ಡಿಸ್ಕ್. ಗುಮಾಸ್ತ ಎಷ್ಟೇ ಚುರುಕಾಗಿರಲಿ, ಮೇಜು ಚಿಕ್ಕದಾಗಿದ್ದರೆ ಪ್ರತಿ ಸಲವೂ ಎದ್ದು ಬೀರಿನ ಬಳಿಗೆ ಹೋಗಬೇಕು. ಬೀರಿನ ಬಾಗಿಲು ಬಿಗಿಯಾಗಿದ್ದರೆ ಅಲ್ಲೇ ನಿಂತು ಕಾಯಬೇಕು. ಕಚೇರಿ ನಿಧಾನವಾಗಿದೆ ಎಂದ ಮಾತ್ರಕ್ಕೆ ತಪ್ಪು ಗುಮಾಸ್ತನದೇ ಎಂದು ಹೇಳಲಾಗದು. ಮುಂದಿನ ಮಾತಿಗೆಲ್ಲ ಇದು ನೆನಪಿರಲಿ.

ಮೊದಲ ಅಧ್ಯಾಯ: ಹೊಸ ಚಿಪ್ ಎಂದರೆ ಹೊಸ ಕೆಲಸ

ಇಂಟೆಲ್ ಕಂಪನಿ 1971ರಲ್ಲಿ ಹೊರತಂದ 4004 ಎಂಬ ಚಿಪ್‌ನಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರುಗಳು. ಹತ್ತು ವರ್ಷಗಳ ನಂತರ, 1981ರಲ್ಲಿ, ಐಬಿಎಂ ಪಿಸಿ ಬಂತು. ಅದರೊಳಗಿನ 8088 ಪ್ರೊಸೆಸರಿನ ವೇಗ 4.77 ಮೆಗಾಹರ್ಟ್ಸ್. ಅಲ್ಲಿಂದ 1982ರಲ್ಲಿ 286, 1985ರಲ್ಲಿ 386, 1989ರಲ್ಲಿ 486. ಈ ಕಾಲದಲ್ಲಿ ಪ್ರತಿಯೊಂದು ಹೊಸ ಚಿಪ್ಪೂ ಹಿಂದಿನದು ಮಾಡಲಾಗದ ಕೆಲಸವನ್ನು ಮಾಡುತ್ತಿತ್ತು. ಆಗ ಯಾರಾದರೂ ಹೊಸದನ್ನು ಕೊಂಡರೆ ಅದು ಶೋಕಿಗಾಗಿ ಅಲ್ಲ.

ನಮ್ಮ ನಾಡಿನಲ್ಲೇ ಇದಕ್ಕೆ ಉದಾಹರಣೆ ಇದೆ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ಇಡಲು ಸರಿಯಾದ ತಂತ್ರಾಂಶ ಸಿಗಲಿಲ್ಲ. ಅವರ ಮಗ ಭರತ್ ಗೋಯೆಂಕಾ ತಾವೇ ಒಂದನ್ನು ಬರೆದರು. ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಆ ಕಂಪನಿಯೇ ಇಂದು ನಮ್ಮಲ್ಲಿ ಬಹುಪಾಲು ಅಕೌಂಟೆಂಟರು ಬಲ್ಲ ಟ್ಯಾಲಿ. ಮೊದಲ ಆವೃತ್ತಿ ಡಾಸ್ ಮೇಲೆ ಓಡುತ್ತಿತ್ತು. ರೋಕಡಿ, ಖಾತೆ, ತಾಳೆಪಟ್ಟಿ ಎಲ್ಲವನ್ನೂ ಕೈಯಲ್ಲಿ ಬರೆದು ರಾತ್ರಿಯೆಲ್ಲ ಕೂಡಿ ಕಳೆಯುತ್ತಿದ್ದವರಿಗೆ ಆ ಕಾಲದ ನಿಧಾನ ಯಂತ್ರವೂ ವರವೇ ಆಗಿತ್ತು. ಬ್ಯಾಂಕುಗಳಲ್ಲಿ ಕೂಡ ಹಾಗೆಯೇ. ಡಾ. ಸಿ. ರಂಗರಾಜನ್ ಸಮಿತಿ 1984ರಲ್ಲಿ ಕೊಟ್ಟ ವರದಿಯ ನಂತರ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ದಪ್ಪ ಲೆಡ್ಜರುಗಳ ಜಾಗದಲ್ಲಿ ಪರದೆ ಬಂತು.

ಆದರೆ ಆ ಕಾಲದಲ್ಲೇ ಒಂದು ಗಮನಿಸಬೇಕಾದ ಸಂಗತಿ ಇದೆ. ಪಿಸಿಯ ಪರದೆಯ ಮೇಲೆ ಕನ್ನಡ ಮೂಡಿದ್ದು ವೇಗದ ಪ್ರೊಸೆಸರಿನಿಂದಲ್ಲ. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ ಎಂಬ ಪ್ರತ್ಯೇಕ ಬಿಲ್ಲೆಯನ್ನು ಯಂತ್ರದೊಳಗೆ ಸಿಕ್ಕಿಸಿದರೆ ಇಂಗ್ಲಿಷ್ ಮಾತ್ರ ಬಲ್ಲ ಪಿಸಿ ಭಾರತೀಯ ಲಿಪಿಗಳನ್ನೂ ತೋರಿಸುತ್ತಿತ್ತು. ಗುಮಾಸ್ತನನ್ನು ಬದಲಿಸಲಿಲ್ಲ. ಅವನ ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬನನ್ನು ಕೂರಿಸಿದರು.

ಎರಡನೆಯ ಅಧ್ಯಾಯ: ವೇಗದ ಓಟ

1993ರಲ್ಲಿ ಪೆಂಟಿಯಂ ಬಂದಾಗ ಅದರ ವೇಗ 60 ಮತ್ತು 66 ಮೆಗಾಹರ್ಟ್ಸ್. 2004ರ ಹೊತ್ತಿಗೆ ಪೆಂಟಿಯಂ 4 ತಲುಪಿದ್ದು 3.8 ಗಿಗಾಹರ್ಟ್ಸ್. ಹನ್ನೊಂದು ವರ್ಷಗಳಲ್ಲಿ ಅರವತ್ತು ಪಟ್ಟಿನ ಆಸುಪಾಸು! "ಕಂಪ್ಯೂಟರ್ ಕೊಂಡು ಎರಡು ವರ್ಷಕ್ಕೆ ಹಳತಾಯಿತು" ಎಂಬ ಮಾತು ಹುಟ್ಟಿದ್ದೇ ಈ ಕಾಲದಲ್ಲಿ. ಆ ಮಾತು ಆಗ ನಿಜವಾಗಿತ್ತು. ಇಂದಿಗೂ ಅಂಗಡಿಯವರು ಹೇಳುವುದು ಅದೇ ಮಾತು, ಆದರೆ ಅದು ನಿಜವಾಗಿದ್ದ ಕಾಲ ಮುಗಿದು ಎರಡು ದಶಕಗಳಾದವು.

ಆ ಓಟದ ನಡುವೆಯೂ ಎಚ್ಚರಿಕೆಯ ಪಾಠಗಳಿದ್ದವು. 1994ರಲ್ಲಿ ಅಮೆರಿಕದ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವರು ಪೆಂಟಿಯಂ ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತಿದೆ ಎಂದು ಕಂಡುಹಿಡಿದರು. ಇಂಟೆಲ್ ಕೊನೆಗೆ ಚಿಪ್‌ಗಳನ್ನು ಬದಲಿಸಿಕೊಡಲು ಒಪ್ಪಿ, ತನ್ನ ಲೆಕ್ಕದಲ್ಲಿ 47.5 ಕೋಟಿ ಡಾಲರ್ ವೆಚ್ಚ ತೋರಿಸಬೇಕಾಯಿತು. ಹೊಸದೆಲ್ಲವೂ ಸರಿಯಾದದ್ದೇ ಆಗಿರಬೇಕಿಲ್ಲ. ಲೆಕ್ಕದವರಾದ ನಮಗೆ ಈ ಕಥೆ ಮರೆಯುವಂಥದ್ದಲ್ಲ.

ಇದೇ ಕಾಲದಲ್ಲಿ ಕನ್ನಡ ಕಂಪ್ಯೂಟರಿಗೆ ಚೆನ್ನಾಗಿ ಒಗ್ಗಿಕೊಂಡಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಮನೆಮಾತಾಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಅಕ್ಷರವಿನ್ಯಾಸದೊಂದಿಗೆ ಕನ್ನಡ ಯುನಿಕೋಡ್ ವಿಂಡೋಸ್‌ನ ಭಾಗವೇ ಆಯಿತು. ಆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಶಿಫಾರಸು ಮಾಡಿದ್ದು 300 ಮೆಗಾಹರ್ಟ್ಸ್ ಪ್ರೊಸೆಸರ್, 128 ಎಂಬಿ ರ‍್ಯಾಮ್. ಅಂದರೆ ನಾಲ್ಕು ವರ್ಷ ಹಳೆಯ ಪ್ರೊಸೆಸರ್ ಸಾಕಿತ್ತು. ಕನ್ನಡದಲ್ಲಿ ಕಾಗದ ಬರೆಯಲು ಆ ವರ್ಷದ ಹೊಸ ಪೆಂಟಿಯಂ 4 ಬೇಕಾಗಿರಲಿಲ್ಲ, ಹೊಸ ತಂತ್ರಾಂಶ ಬೇಕಾಗಿತ್ತು.

ಕರ್ನಾಟಕದ ಭೂಮಿ ಯೋಜನೆಯನ್ನೂ ಇಲ್ಲಿ ನೆನೆಯಬೇಕು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಕನ್ನಡದಲ್ಲಿ ಮುದ್ರಿಸಿ ಕೊಟ್ಟರು. ತಿದ್ದುಪಡಿ ಮಾಡುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ರೈತನಿಗೆ ಇದರಿಂದ ಆದ ಲಾಭ ಆ ಯಂತ್ರದ ಮೆಗಾಹರ್ಟ್ಸ್‌ನಲ್ಲಿ ಇರಲಿಲ್ಲ. ಪಹಣಿಗಾಗಿ ಗ್ರಾಮಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತಲ್ಲ, ಅದರಲ್ಲಿ ಇತ್ತು.

ಮೂರನೆಯ ಅಧ್ಯಾಯ: ಓಟ ನಿಂತಿತು, ಭಾರ ಬೇರೆಡೆಗೆ ಹೋಯಿತು

2004ರಲ್ಲಿ ಇಂಟೆಲ್ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನು ಕೈಬಿಟ್ಟಿತು. ವೇಗ ಹೆಚ್ಚಿಸಿದಂತೆಲ್ಲ ಚಿಪ್ ವಿಪರೀತ ಬಿಸಿಯಾಗುತ್ತಿತ್ತು, ವಿದ್ಯುತ್ ನುಂಗುತ್ತಿತ್ತು. ಅಲ್ಲಿಂದ ದಾರಿ ಬದಲಾಯಿತು. ಒಬ್ಬ ಗುಮಾಸ್ತನನ್ನು ಓಡಿಸುವ ಬದಲು ಇಬ್ಬರನ್ನು, ನಾಲ್ವರನ್ನು ಕೂರಿಸಿದರು. ಇದನ್ನೇ ಕೋರ್ ಎನ್ನುತ್ತೇವೆ. 2006ರ ಕೋರ್ 2 ಡ್ಯುಯೊ 3 ಗಿಗಾಹರ್ಟ್ಸ್‌ಗಿಂತ ಕಡಿಮೆ ವೇಗದ್ದಾದರೂ ಹಳೆಯ 3.8ಕ್ಕಿಂತ ಹೆಚ್ಚು ಕೆಲಸ ಮಾಡಿತು. ಆದರೆ ನಾಲ್ವರು ಗುಮಾಸ್ತರಿಗೆ ಹಂಚಿಕೊಡುವಷ್ಟು ಕೆಲಸ ಮನೆಯ ಕಂಪ್ಯೂಟರಿನಲ್ಲಿ ಇರಬೇಕಲ್ಲ? ಪತ್ರ ಬರೆಯುವಾಗ, ವೋಚರ್ ಏರಿಸುವಾಗ ಪ್ರೊಸೆಸರ್ ಬಹುಪಾಲು ಸಮಯ ನಮ್ಮ ಬೆರಳಿಗಾಗಿ ಕಾದು ಕುಳಿತಿರುತ್ತದೆ.

ಇದೇ ಹೊತ್ತಿಗೆ ಇನ್ನೊಂದು ದೊಡ್ಡ ಬದಲಾವಣೆ ಆಯಿತು. ಬ್ಯಾಂಕುಗಳು ಕೋರ್ ಬ್ಯಾಂಕಿಂಗ್‌ಗೆ ಹೋದವು. ಬೆಂಗಳೂರಿನ ಇನ್ಫೋಸಿಸ್‌ನ ಫಿನಕಲ್‌ನಂಥ ತಂತ್ರಾಂಶಗಳು ಲೆಕ್ಕವನ್ನೆಲ್ಲ ಕೇಂದ್ರದ ಸರ್ವರ್‌ಗೆ ಒಯ್ದವು. ಶಾಖೆಯ ಮೇಜಿನ ಮೇಲಿನ ಯಂತ್ರ ಬರೀ ಕಿಟಕಿಯಾಯಿತು. 2008ರಲ್ಲಿ ಇಂಟೆಲ್‌ನ ಬೆಂಗಳೂರು ಕೇಂದ್ರ ಆರು ಕೋರ್‌ಗಳ, 190 ಕೋಟಿ ಟ್ರಾನ್ಸಿಸ್ಟರುಗಳ ಜಿಯಾನ್ 7400 ಎಂಬ ಪ್ರೊಸೆಸರನ್ನು ವಿನ್ಯಾಸ ಮಾಡಿತು. ನಮ್ಮೂರಿನಲ್ಲಿ ರೂಪುಗೊಂಡ ಆ ಚಿಪ್ ನಮ್ಮ ಮನೆಯ ಮೇಜಿಗೆ ಬರಲಿಲ್ಲ. ಅದು ಸರ್ವರ್‌ಗಾಗಿ ಮಾಡಿದ್ದು. ಭಾರದ ಕೆಲಸ ಎಲ್ಲಿಗೆ ಹೋಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಇಲ್ಲಿ ಕತಾರಿನಲ್ಲಿ ನಮ್ಮ ಅನುಭವವನ್ನೇ ನೋಡಿ. 2015ರ 1ನೇ ಕಾನೂನಿನಿಂದ ವೇತನ ಸಂರಕ್ಷಣಾ ವ್ಯವಸ್ಥೆ ಬಂದು ಸಂಬಳವನ್ನು ಬ್ಯಾಂಕಿನ ಮೂಲಕವೇ ಕೊಡುವುದು ಕಡ್ಡಾಯವಾಯಿತು. ನಿಮ್ಮ ಕಂಪನಿಯ ಅಕೌಂಟೆಂಟ್ ಪ್ರತಿ ತಿಂಗಳು ಬ್ಯಾಂಕಿಗೆ ಕಳಿಸುವ ಸಂಬಳದ ಫೈಲ್ ಒಂದು ಸಣ್ಣ ಪಟ್ಟಿ ಅಷ್ಟೆ. ಅದನ್ನು ತಯಾರಿಸಲು ಹತ್ತು ವರ್ಷದ ಹಳೆಯ ಪ್ರೊಸೆಸರಿಗೂ ಕ್ಷಣಮಾತ್ರ ಸಾಕು. ಪರಿಶೀಲನೆ ನಡೆಯುವುದು ಬ್ಯಾಂಕಿನ ಕಡೆಯಲ್ಲಿ. ನಾವು ಊರಿಗೆ ಹಣ ಕಳಿಸುವ ಆ್ಯಪ್ ಕೂಡ ಹಾಗೆಯೇ.

ಹಾಗಾದರೆ ಮನೆಯ ಲ್ಯಾಪ್‌ಟಾಪ್ ಏಕೆ ತೆವಳುತ್ತದೆ? ಬಹಳ ಸಲ ಕಾರಣ ಬೀರು ಮತ್ತು ಮೇಜು. ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ, 4 ಜಿಬಿ ರ‍್ಯಾಮನ್ನು 8 ಜಿಬಿ ಮಾಡಿದರೆ, ಸತ್ತಂತಿದ್ದ ಯಂತ್ರ ಎದ್ದು ಕೂರುತ್ತದೆ. ಹೊಸ ಲ್ಯಾಪ್‌ಟಾಪ್ ಕೊಂಡವರು "ಪ್ರೊಸೆಸರ್ ಎಷ್ಟು ಚುರುಕು!" ಎನ್ನುವಾಗ ಅವರು ಹೊಗಳುತ್ತಿರುವುದು ಹೆಚ್ಚಾಗಿ ಅದರೊಳಗಿನ ಎಸ್‌ಎಸ್‌ಡಿಯನ್ನು. ಒಂದು ಮಾತು: ಈಗಿನ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವಾಗಲೇ ಕೇಳಿ ನೋಡಬೇಕು.

ನಾಲ್ಕನೆಯ ಅಧ್ಯಾಯ: ಕಾನೂನು ಮತ್ತು ಮುಚ್ಚುವ ಬಾಗಿಲು

ವೇಗದ ಓಟ ನಿಂತ ಮೇಲೂ ಜನ ಹೊಸ ಯಂತ್ರ ಕೊಂಡರು. ಕಾರಣ ಬೇರೆ. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ವ್ಯಾಟ್ ಬಂತು, ದೇಶದಲ್ಲಿ 2017ರ ಜುಲೈ 1ರಂದು ಜಿಎಸ್‌ಟಿ ಬಂತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯ ದಾಖಲೆ ಇಟ್ಟುಕೊಳ್ಳಲೇಬೇಕು ಎಂಬ ನಿಯಮ ಬಂತು. ಒಂದೊಂದು ಸಲವೂ ಲೆಕ್ಕದ ತಂತ್ರಾಂಶ ಬದಲಾಗಬೇಕಾಯಿತು. ಕೂಡುವ ಕಳೆಯುವ ಕೆಲಸ ಹಳೆಯದೇ. ಪ್ರೊಸೆಸರಿಗೆ ಅದು ಭಾರವಲ್ಲ.

ಆದರೆ ಒಂದು ತೊಡಕು. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಬೆಂಬಲ ನಿಲ್ಲಿಸಿತು. ಕ್ರೋಮ್ ಬ್ರೌಸರ್ 2016ರಲ್ಲಿ ಎಕ್ಸ್‌ಪಿಯನ್ನು ಕೈಬಿಟ್ಟಿತು. ಮರು ವರ್ಷವೇ ಜಿಎಸ್‌ಟಿ ಪೋರ್ಟಲ್. ಎಕ್ಸ್‌ಪಿ ಯಂತ್ರದಲ್ಲಿ ಟ್ಯಾಲಿ ಓಡಿಸಿಕೊಂಡು ನೆಮ್ಮದಿಯಾಗಿದ್ದ ಸಣ್ಣ ವ್ಯಾಪಾರಿ ಈಗ ಬದಲಾಗಲೇಬೇಕಾಯಿತು. ಅವನ ಗುಮಾಸ್ತ ಸೋತಿರಲಿಲ್ಲ, ಹೊರಗಿನ ಬಾಗಿಲು ಮುಚ್ಚಿತ್ತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಅದೇ ಗತಿ. ವಿಂಡೋಸ್ 10ರ ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳ ಅವಕಾಶವನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು.

2021ರಲ್ಲಿ ಬಂದ ವಿಂಡೋಸ್ 11 ಪ್ರೊಸೆಸರಿನ ಪೀಳಿಗೆಯನ್ನೇ ಗಡಿರೇಖೆ ಮಾಡಿತು. ಇಂಟೆಲ್‌ನದಾದರೆ ಸ್ಥೂಲವಾಗಿ 8ನೇ ಪೀಳಿಗೆ ಮತ್ತು ನಂತರದ್ದು, ಎಎಂಡಿಯದಾದರೆ ರೈಜನ್ 2000 ಸರಣಿ ಮತ್ತು ನಂತರದ್ದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಇದು ಬರೀ ಹಠವೇ? ಪೂರ್ತಿ ಅಲ್ಲ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರಿನ ದೋಷಗಳು ಬಯಲಾಗಿದ್ದವು. ಅವಕ್ಕೆ ಹಾಕಿದ ತೇಪೆಗಳು ಹಳೆಯ ಯಂತ್ರಗಳನ್ನು ಇನ್ನಷ್ಟು ನಿಧಾನ ಮಾಡಿದವು. ಬ್ಯಾಂಕ್ ಖಾತೆ ತೆರೆಯುವ ಯಂತ್ರಕ್ಕೆ ಭದ್ರತಾ ಅಪ್‌ಡೇಟ್ ಬರುತ್ತಿರಬೇಕು ಎಂಬುದರಲ್ಲಿ ರಾಜಿ ಇಲ್ಲ. ಆದರೆ ಬದಲಾಯಿಸುವ ಮುನ್ನ ಲಿನಕ್ಸ್ ಎಂಬ ಉಚಿತ ದಾರಿಯೂ ಇದೆ. ಬ್ರೌಸರ್, ಕನ್ನಡ ಟೈಪಿಂಗ್, ಮಕ್ಕಳ ಓದು, ಇಷ್ಟಕ್ಕೆ ಅದು ಸಾಕು. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶವೇ ಬೇಕು ಎನ್ನುವವರಿಗೆ ಅದು ಸರಿಹೊಂದುವುದಿಲ್ಲ.

ಲೆಕ್ಕದವನ ಮಾತು

ಭಾರತದ 2013ರ ಕಂಪನಿ ಕಾಯ್ದೆ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳ ಆಯಸ್ಸನ್ನು 3 ವರ್ಷ ಎಂದು ಹಿಡಿಯುತ್ತದೆ, ಸರ್ವರ್‌ಗಳಿಗೆ 6 ವರ್ಷ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿನ ಸವಕಳಿ ವರ್ಷಕ್ಕೆ ಶೇ. 40. ಅಂದರೆ 60,000 ರೂಪಾಯಿಯ ಲ್ಯಾಪ್‌ಟಾಪ್ ಪುಸ್ತಕದಲ್ಲಿ ಒಂದು ವರ್ಷಕ್ಕೆ 36,000, ಎರಡಕ್ಕೆ 21,600, ಮೂರಕ್ಕೆ 12,960. ಇದು ಪುಸ್ತಕದ ಆಯಸ್ಸು. ಕೆಲಸದ ಆಯಸ್ಸು ಬೇರೆ. ಕಂಪನಿಗಳು ಮೂರು ವರ್ಷಕ್ಕೆ ಯಂತ್ರ ಬದಲಿಸುವುದನ್ನು ನೋಡಿ ನಾವೂ ಬದಲಿಸಬೇಕೆಂದುಕೊಳ್ಳುವುದು ತಪ್ಪು. ಕಂಪನಿಗೆ ಸವಕಳಿಯಿಂದ ತೆರಿಗೆ ಉಳಿಯುತ್ತದೆ. ಸಂಬಳದಾರನಾದ ನಮಗೆ ಉಳಿಯುವುದು ಏನೂ ಇಲ್ಲ. ಹೋದ ರಿಯಾಲ್ ಹೋದದ್ದೇ.

ಹಾಗೆಂದು "ಯಾರಿಗೂ ಹೊಸ ಪ್ರೊಸೆಸರ್ ಬೇಡ" ಎನ್ನಲಾರೆ. ನಮ್ಮಲ್ಲಿ ಆಟೊಕ್ಯಾಡ್, ರೆವಿಟ್ ಮೇಲೆ ದಿನವಿಡೀ ಕೂರುವ ಡ್ರಾಫ್ಟ್ಸ್‌ಮನ್‌ಗಳಿದ್ದಾರೆ, ವಿಡಿಯೊ ಎಡಿಟ್ ಮಾಡುವವರಿದ್ದಾರೆ, ಲಕ್ಷಗಟ್ಟಲೆ ಸಾಲುಗಳ ಎಕ್ಸೆಲ್ ನಡೆಸುವ ಕ್ವಾಂಟಿಟಿ ಸರ್ವೇಯರ್‌ಗಳಿದ್ದಾರೆ. ಅವರಿಗೆ ಕಾಯುವ ಪ್ರತಿ ನಿಮಿಷವೂ ಖರ್ಚು. ಅವರು ಧಾರಾಳವಾಗಿ ಕೊಳ್ಳಲಿ. ಎಂಜಿನಿಯರಿಂಗ್ ಸೇರುವ ಮಗುವಿಗೆ ನಾಲ್ಕು ವರ್ಷ ಬಾಳುವ ಯಂತ್ರ ಬೇಕು, ಅದೂ ಸರಿ.

ಕೆಲವು ಸಲ ಒಂದೇ ವರ್ಷದ ಅಂತರವೂ ದೊಡ್ಡದು. 2016ರ ಕೋರ್ ಐ7-7500ಯು ಚಿಪ್‌ನಲ್ಲಿ ಇದ್ದದ್ದು ಎರಡು ಕೋರ್. 2017ರ ಕೋರ್ ಐ5-8250ಯುನಲ್ಲಿ ನಾಲ್ಕು. ಐ7 ಎಂಬ ಚೀಟಿ ನೋಡಿ ಮೊದಲನೆಯದನ್ನು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಕೊಂಡವರಿಗೆ ಕೋರೂ ಕಡಿಮೆ, ವಿಂಡೋಸ್ 11 ಪಟ್ಟಿಯಲ್ಲೂ ಜಾಗವಿಲ್ಲ. ಆದ್ದರಿಂದ ಐ3, ಐ5, ಐ7 ಎಂಬ ಚೀಟಿಯನ್ನು ನೋಡಬೇಡಿ. ಅದರ ಮುಂದಿನ ಸಂಖ್ಯೆಯನ್ನು ಓದಿ.

ಈಗ ಅಂಗಡಿಗಳಲ್ಲಿ ಎಐ ಪಿಸಿಯ ಮಾತು ಜೋರಾಗಿದೆ. 1997ರಲ್ಲಿ ಪೆಂಟಿಯಂ ಎಂಎಂಎಕ್ಸ್ ಬಂದಾಗಲೂ "ಮಲ್ಟಿಮೀಡಿಯಾ ಬೇಕೆಂದರೆ ಇದೇ ಬೇಕು" ಎಂಬ ಪ್ರಚಾರ ಜೋರಾಗಿತ್ತು. ಇಂದು ನಾವು ಫೋನಿನಲ್ಲೋ ಬ್ರೌಸರಿನಲ್ಲೋ ಬಳಸುವ ಎಐ ಬಹುಪಾಲು ದೂರದ ಸರ್ವರ್‌ಗಳಲ್ಲಿ ಓಡುತ್ತದೆ. ಅದಕ್ಕೆ ನಿಮ್ಮ ಲ್ಯಾಪ್‌ಟಾಪಿನೊಳಗಿನ ವಿಶೇಷ ಚಿಪ್ ಬೇಕಿಲ್ಲ. ಆ ಚಿಪ್‌ನಿಂದ ನಿಮ್ಮ ಯಾವ ಕೆಲಸ ಆಗುತ್ತದೆ ಎಂದು ಅಂಗಡಿಯವರನ್ನು ಕೇಳಿ. ಉತ್ತರ ಕೆಲಸದ ಹೆಸರಾಗಿ ಬಂದರೆ ಯೋಚಿಸಿ, ಅಂಕಿಯಾಗಿ ಬಂದರೆ ಮುಂದೆ ನಡೆಯಿರಿ.

ಇಲ್ಲಿಂದ ಒಯ್ಯುವವರಿಗೆ ಇನ್ನೆರಡು ಮಾತು. 18 ವರ್ಷ ದಾಟಿದ ಪ್ರಯಾಣಿಕರು ಭಾರತಕ್ಕೆ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಒಯ್ಯಬಹುದು. ಆದರೆ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಬಿಲ್ ಹಾಕಿಸುವ ಮೊದಲೇ ಬರಹದಲ್ಲಿ ಕೇಳಿ. ಇಲ್ಲಿನ ಪ್ಲಗ್ ಊರಿನ ಸಾಕೆಟ್ಟಿಗೆ ಹೊಂದುವುದಿಲ್ಲ, ಕೀಲಿಮಣೆಯ ಮೇಲೆ ಅರಬಿ ಅಕ್ಷರಗಳೂ ಇರಬಹುದು. ಹಳೆಯ ಯಂತ್ರದಲ್ಲಿ ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಬರೆದ ಕಡತಗಳಿದ್ದರೆ ಅವನ್ನು ಯುನಿಕೋಡಿಗೆ ಪರಿವರ್ತಿಸಿಕೊಂಡೇ ಹೊಸದಕ್ಕೆ ಹೋಗಿ. ಇಲ್ಲದಿದ್ದರೆ ಅಪ್ಪ ಬರೆದಿಟ್ಟ ಜಮೀನಿನ ವಿವರ ಅರ್ಥವಾಗದ ಗೀಚಾಗಿ ಕಾಣುತ್ತದೆ.

ಒಟ್ಟು ಲೆಕ್ಕ ಹೀಗೆ. ನಲವತ್ತು ವರ್ಷಗಳಲ್ಲಿ ಸಾಮಾನ್ಯನನ್ನು ಹೊಸ ಯಂತ್ರದ ಕಡೆಗೆ ತಳ್ಳಿದ್ದು ನಾಲ್ಕು ಕಾರಣಗಳು: ಹೊಸ ಕೆಲಸ, ವೇಗ, ಕಾನೂನು, ನಿಂತ ಬೆಂಬಲ. ಇವುಗಳಲ್ಲಿ ವೇಗಕ್ಕಾಗಿಯೇ ಬದಲಿಸಬೇಕಾದ ಕಾಲ 2004ರ ಸುಮಾರಿಗೆ ಮುಗಿಯಿತು. ಈಗ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದದ್ದು ಮೂರೇ ಪ್ರಶ್ನೆ. ಈಗಿನ ಯಂತ್ರ ಯಾವ ಕೆಲಸವನ್ನು ಮಾಡಲಾರದು? ಎಸ್‌ಎಸ್‌ಡಿ, ರ‍್ಯಾಮ್ ಹಾಕಿದರೆ ಆ ಕೊರತೆ ನೀಗುತ್ತದೆಯೇ? ಅದಕ್ಕೆ ಭದ್ರತಾ ಅಪ್‌ಡೇಟ್ ಇನ್ನೂ ಬರುತ್ತಿದೆಯೇ? ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ, ಮೂರನೆಯದಕ್ಕೆ "ಹೌದು" ಎಂದಿದ್ದರೆ, ಆ ಹಣ ಕಾಲೇಜಿನ ಶುಲ್ಕಕ್ಕೋ ಊರಿನ ಮನೆಯ ಸೂರಿಗೋ ಹೋಗಲಿ. ಈ ಬಿಸಿಲಿನಲ್ಲಿ ದುಡಿದ ದುಡ್ಡಿಗೆ ಕಾರಣ ಕೇಳುವ ಹಕ್ಕು ನಮಗಿದೆ.